ಎರಡನೆಯ ಗ್ಲಾಸು

ಬಸರಿಗುಡ್ಡ, ಕುಷ್ಟಗಿ ತಾಲ್ಲೂಕು
24 ನವೆಂಬರ್ 2005

ತಂಗಿ ದಾನಮ್ಮಗ,

ಊರು ಮುಟ್ಟೀನಿ. ಜಯನಗರದ ಡಾಕ್ಟರು ಬರೆದುಕೊಟ್ಟ ಹನಿ ಕಣ್ಣಿಗೆ ಹಾಕ್ಕೊಳ್ಳಾಕತ್ತೀನಿ, ಕೆಂಪು ಇಳಿದೈತಿ. ನಿನ್ನ ಮನಿ ಮಾಲಕರು ಮುನಿಲಕ್ಷ್ಮಮ್ಮನವರು ಕಟ್ಟಿಕೊಟ್ಟ ಅವರೆಕಾಯಿ ಬಸ್ಸಿನ ಕಾವಿಗೆ ಸ್ವಲ್ಪ ಬಾಡಿದ್ವು, ಆದ್ರೂ ನಿಮ್ಮ ಭಾವ ರುಚಿ ಅಂತ ಉಂಡ್ರು. ಅವರಿಗೆ ನನ್ನ ನಮಸ್ಕಾರ ಹೇಳು.

ಇಷ್ಟು ಬರೆದು ಪೆನ್ನು ಕೆಳಗಿಟ್ಟು ಅಂಗನವಾಡಿಗೆ ಹೋಗಿ ಕೂಸುಗಳಿಗೆ ಕಲಿಸಿ ಬಂದೆ. ಉಳಿದದ್ದು ಈಗ ಬರೀತೀನಿ.

ಮೂರು ವರ್ಷದಿಂದ ನೀನು ಎಸೆನ್ಸ್ ಕಂಪನಿಯೊಳಗ ಲೆಕ್ಕ ಬರೀತೀನಿ ಅಂತ ಹೇಳಿಕೋತ ಬಂದಿ. ಏಲಕ್ಕಿ, ಕಿತ್ತಳಿ ಸಿಪ್ಪಿ, ಕೊತ್ತಂಬರಿ ಬೀಜ ಕಾಸಿ ಸುವಾಸನಿ ತೆಗೀತಾರ ಅಂದಿ. ನಾನು ಅದನ್ನ ಊರ ತುಂಬ ಹೇಳಿಕೊಂಡು ತಿರುಗಿದೆ. ಹೋದ ಶನಿವಾರ ಕಂಪನಿಯವರು ಮನಿಮಂದಿನ್ನ ಕರಕೊಂಡು ಬರ್ರಿ ಅಂದಾರ ಅಂತ ನನಗ ಇಳಕಲ್ ಸೀರಿ ಉಡಿಸಿ ಹೊರಡಿಸಿದಿ. ಅರೆಕೆರೆ ದಾಟಿದ ಮ್ಯಾಲ ಬಸ್ಸಿನ ಕಂಬಿ ಹಿಡಕೊಂಡು, ‘ಅಕ್ಕಾ, ಅಲ್ಲಿ ಮಾಡೋದು ಜಿನ್’ ಅಂದಿ. ಜಿನ್ ಅಂದ್ರ ನಮ್ಮ ಕಡೆ ಹತ್ತಿ ಬೀಜ ಬಿಡಿಸೋ ಮಿಲ್ಲು. ಹತ್ತಿ ಬೆಳೀದ ಬೆಂಗಳೂರಾಗ ಜಿನ್ ಯಾಕ ಅಂತ ನಾ ಕೇಳಿದೆ. ನೀ ನಗಲಿಲ್ಲ. ಕಿವಿಯೊಳಗ, ‘ಕುಡಿಯೋದು’ ಅಂದಿ.

ಕುಡಿಯೋದು ಅಂತ ತಿಳಿದ ಮ್ಯಾಲ ನಾನು ಮುಂದಿನ ಸ್ಟಾಪಿನ್ಯಾಗ ಇಳೀಬೇಕಿತ್ತು. ಇಳೀಲಿಲ್ಲ. ವೈರಿ ಮನಿ ಹ್ಯಾಂಗಿರತೈತಿ ನೋಡೂಣು ಅನ್ನಿಸ್ತು. ಆದ್ರ ಗೇಟಿನ ಮುಂದ ನೀ ಇನ್ನೊಂದು ಮಾತು ಅಂದಿ, ‘ಅಕ್ಕಾ, ನಿನ್ನ ಸಂಘದ ಸುದ್ದಿ ಒಳಗ ತೆಗೀಬ್ಯಾಡ.’ ನಾನು ಈ ಊರ ಮಹಿಳಾ ಸಂಘದ ಅಧ್ಯಕ್ಷೆ. ದುಂಡಪ್ಪನ ಸರಾಯಿ ಅಂಗಡಿ ಮುಂದ ಮಳಿ ಬಿಸಲು ಅನ್ನದ ಕುಂತಾಕಿ. ಕುಡಿದು ಬಂದವರನ್ನ ಚಾವಡಿ ಕಟ್ಟಿ ಮ್ಯಾಲ ನಿಲ್ಲಿಸಿ, ಖಾಲಿ ಸರಾಯಿ ಪಾಕೀಟಿನ ಸರ ಕೊರಳಿಗೆ ಹಾಕಿದಾಕಿ. ಅದು ನಿನಗ ನಾಚಿಕಿ ಮಾತಾತು. ನಿನ್ನ ಮ್ಯಾನೇಜರ ಮುಂದ, ‘ನಮ್ಮ ಅಕ್ಕ ಟೀಚರ್’ ಅಂದಿ. ಅಂಗನವಾಡಿ ಟೀಚರ್ ಹೌದು, ಆದ್ರ ಅಷ್ಟಕ್ಕೇ ನಿಲ್ಲಿಸಿದಿ.

ಒಳಗ ನಡೆದದ್ದರ ಸುದ್ದಿ ಬ್ಯಾಡ.

ಫೋನ್ ಮಾಡಬ್ಯಾಡ. ಕಿರಾಣಿ ಅಂಗಡಿಯೊಳಗ ನಿಂತು ಮಾತಾಡಿದ್ರ ಉಪ್ಪು ಒಯ್ಯಾಕ ಬಂದವರೆಲ್ಲ ಕೇಳಿಸಿಕೋತಾರ. ಹೇಳೋದಿದ್ರ ಬರಿ.

ನಿನ್ನ ಅಕ್ಕ,
ಶರಣಮ್ಮ

•

ಬಿಟಿಎಂ ಲೇಔಟ್, ಬೆಂಗಳೂರು
5 ಡಿಸೆಂಬರ್ 2005

ಅಕ್ಕಾ,

ನಿನ್ನ ಕಾಗದಾನ ಆಫೀಸಿಗೆ ತಗೊಂಡು ಹೋಗಿ ಓದಿದೆ. ಮನೇಲಿ ಓದಿದ್ರೆ ಅತ್ತುಬಿಡ್ತೀನಿ, ಆಫೀಸಲ್ಲಾದ್ರೆ ಅಳೋಕಾಗಲ್ಲ ಅಂತ.

ಸುಳ್ಳು ಹೇಳಿದ್ದು ನಿಜ. ಇಂಟರ್‌ವ್ಯೂ ದಿನಾನೇ ಅದು ಏನು ಮಾಡೋ ಜಾಗ ಅಂತ ಗೊತ್ತಾಗಿತ್ತು. ಎದ್ದು ಬರಬಹುದಿತ್ತು, ಬರಲಿಲ್ಲ. ಅವ್ವ ಹೋದ ಮೇಲೆ ನನ್ನನ್ನ ಸಾಕಿ ಬಿ.ಕಾಂ. ಓದಿಸಿದೋಳು ನೀನು. ನಿನಗೆ ಹೇಳೋದು ಹೇಗೆ? ಒಂದು ಸಲ ಎಸೆನ್ಸ್ ಅಂದೆ, ಆಮೇಲೆ ಅದನ್ನೇ ಹೇಳ್ತಾ ಬಂದೆ. ಇನ್ನು ನಿನ್ನನ್ನ ಟೀಚರ್ ಅಂದಿದ್ದು. ನೀನು ಅಲ್ಲಿ ನಿಂತು ಭಾಷಣ ಮಾಡಿಬಿಡ್ತೀಯೇನೋ, ಎಲ್ಲರೂ ನನ್ನ ಕಡೆ ತಿರುಗಿ ನೋಡ್ತಾರೇನೋ ಅಂತ ಹೆದರಿದೆ. ನಿನ್ನಂಥ ಅಕ್ಕ ಇರೋದಕ್ಕೆ ನಾಚಿಕೆ ಪಟ್ಟೆನಲ್ಲ ಅನ್ನೋದು ಈಗ ನಾಚಿಕೆ.

ಒಳಗಿನ ಸುದ್ದಿ ಬೇಡ ಅಂದಿದ್ದೀಯ. ಅದನ್ನ ಬಿಟ್ಟು ಏನು ಬರೀಲಿ ಹೇಳು. ಗೈಡ್ ಹುಡುಗಿ ದಿವ್ಯ ಎಲ್ಲರನ್ನೂ ಭಟ್ಟಿ ಹತ್ರ ಕರೆದಾಗ ನೀನು ಸೆರಗಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತೆ. ಆ ದೊಡ್ಡ ತಾಮ್ರದ ಹಂಡೆ, ಅದರ ಮೇಲಿನ ಉದ್ದ ಕತ್ತಿನ ಕೊಳವೆ, ಕೊನೇಲಿ ಹನಿ ಹನಿಯಾಗಿ ಬೀಳೋದು, ಎಲ್ಲಾ ದೂರದಿಂದಲೇ ನೋಡಿದೆ. ಅವಳು ಮೆಣಸುಕಾಳಿನಂಥ ಒಂದು ಕಾಯಿ ನಿನ್ನ ಅಂಗೈಗೆ ಹಾಕಿ, ‘ಇದು ಜೂನಿಪರ್ ಆಂಟಿ, ಇದಿಲ್ಲದೆ ಜಿನ್ ಇಲ್ಲ, ಉಜ್ಜಿ ಮೂಸಿ ನೋಡಿ’ ಅಂದ್ಲು. ಆಗ ನೀನು ಸೆರಗು ಇಳಿಸಿದೆ. ಮೂಸಿ, ಮತ್ತೆ ಮೂಸಿ, ಕಾಯನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಾನು ನೋಡಿದೆ.

ಆಮೇಲೆ ರುಚಿ ನೋಡೋ ರೂಮು. ಬಿಳಿ ಬಟ್ಟೆ ಹಾಸಿದ ಟೇಬಲ್, ಪುಟ್ಟ ಪುಟ್ಟ ಗ್ಲಾಸು. ಅಕೌಂಟ್ಸ್‌ನವರ ಹೆಂಡತಿ, ಸ್ಟೋರ್ಸ್‌ನವರ ಅತ್ತೆ ಎಲ್ಲಾ ಕಾಫಿ ಕುಡಿಯೋ ಹಾಗೆ ಕೂತು ಕುಡೀತಿದ್ರು. ಬೇಡ ಅನ್ನಿಸಿದ್ರೆ ಉಗುಳೋಕೆ ಸ್ಟೀಲ್ ಬೋಗುಣಿ ಇಟ್ಟಿದ್ರು. ಮ್ಯಾನೇಜರ್ ತಿರುಮಲೇಶ್ ಸಾರ್ ಕೈ ಮುಗಿದು, ‘ಅಮ್ಮಾ, ದಾನಮ್ಮ ನಮ್ಮನೆ ಮಗಳಿದ್ದ ಹಾಗೆ, ನಾಲಿಗೆಗೆ ಒಂದು ಹನಿ’ ಅಂದ್ರು. ನೀನು ನನ್ನ ಮುಖ ನೋಡಿದೆ. ನಾನು ತಲೆ ತಗ್ಗಿಸಿದೆ. ಆ ಒಂದು ಗುಟುಕು ನೀನು ನನ್ನ ಮರ್ಯಾದೆಗೋಸ್ಕರ ಕುಡಿದೆ, ಒಪ್ತೀನಿ. ಆ ಪಾಪ ನನ್ನ ಲೆಕ್ಕಕ್ಕೇ ಇರಲಿ.

ಆದ್ರೆ ಅಕ್ಕಾ, ಎರಡನೇ ಗ್ಲಾಸು ಯಾರೂ ಕೊಡಲಿಲ್ಲ. ನೀನೇ ಖಾಲಿ ಗ್ಲಾಸನ್ನ ಮುಂದಕ್ಕೆ ಹಿಡಿದೆ. ದಿವ್ಯ ಅದಕ್ಕೆ ನಿಂಬೆಹಣ್ಣು, ಸೋಡಾದಂಥ ಟಾನಿಕ್ ನೀರು ಹಾಕಿ ಕೊಟ್ಲು. ಗುಳ್ಳೆ ಮೂಗಿಗೆ ಹತ್ತಿ ನೀನು ನಕ್ಕೆ.

ಜಗಳಕ್ಕೆ ಬರೀತಿಲ್ಲ. ನೀನು ಮರೆತಿದ್ದೀಯ ಅಂತಾನೂ ಅಲ್ಲ. ಎಲ್ಲಾ ನನ್ನೊಬ್ಬಳ ಮೇಲೆ ಹೊರಿಸಿದೀಯಲ್ಲ, ಅದಕ್ಕೆ.

ಕಣ್ಣಿನ ಹನಿ ತಪ್ಪಿಸಬೇಡ.

ದಾನಮ್ಮ

•

ಬಸರಿಗುಡ್ಡ
2 ಫೆಬ್ರವರಿ 2006

ದಾನಮ್ಮ,

ನಿನ್ನ ಹಿಂದಿನ ಕಾಗದಕ್ಕ ನಾ ಉತ್ತರ ಬರೀಲಿಲ್ಲ. ಓದಿ, ಹರಿದು, ಒಲಿಗೆ ಹಾಕಿದೆ. ಈಗ ಬರಿಯೋ ಪಾಳಿ ಬಂದೈತಿ.

ಸೋಮವಾರ ಮುಂಜಾನೆ ಅಂಗನವಾಡಿಗೆ ಹೋಗುವಾಗ ದುಂಡಪ್ಪನ ಅಂಗಡಿ ಮುಂದ ಗಂಡಸರು ಗುಂಪಾಗಿ ನಿಂತಿದ್ರು. ನನ್ನ ನೋಡಿ ಸರಿದು ದಾರಿ ಬಿಟ್ರು. ಅಂಗಡಿ ಬಾಗಲಕ್ಕ ಒಂದು ಪೇಪರಿನ ಚೂರು ಅಂಟಿಸಿದ್ರು. ನಿಮ್ಮ ಬೆಂಗಳೂರಿನ ಪೇಪರು, ಅಲ್ಲಿ ದುಡಿಯಾಕ ಹೋದವರು ಯಾರೋ ತಂದಿದ್ರಂತ. ನಿಮ್ಮ ಕಂಪನಿ ಬಗ್ಗೆ ಬರೆದಾರ, ಮಂದಿ ಅಲ್ಲಿಗೆ ಹೋಗಿ ಹ್ಯಾಂಗ ತಿರುಗಿ ನೋಡಬಹುದು, ಹ್ಯಾಂಗ ರುಚಿ ನೋಡಬಹುದು ಅಂತ. ನಡುವ ನನ್ನ ಫೋಟೋ. ಕೈಯಾಗ ಗ್ಲಾಸು, ಬಾಯಿ ತೆರೆದು, ಕಣ್ಣು ಮುಚ್ಚಿ ನಗಾಕತ್ತೀನಿ. ಕೆಳಗ ‘ಹಳ್ಳಿಯ ಅಜ್ಜಿಗೂ ಮೆಚ್ಚುಗೆ’ ಅಂತ ಬರೆದಾರ. ನನಗ ಇನ್ನೂ ಐವತ್ತಾಗಿಲ್ಲ. ಅಷ್ಟು ದೊಡ್ಡ ಸಂಕಟದಾಗೂ ಮೊದಲು ಆ ಅಜ್ಜಿ ಅನ್ನೋ ಮಾತೇ ಚುಚ್ಚಿತು ನೋಡು. ಮನಷ್ಯಾ ಎಷ್ಟು ಸಣ್ಣ ಇರತಾನ.

ದುಂಡಪ್ಪ ಒಳಗಿಂದ ಬಂದು, ‘ಟೀಚರ್ ಬಾಯಾರ, ನಮ್ಮ ಸರಾಯಿ ಏನು ಪಾಪ ಮಾಡಿತ್ರಿ?’ ಅಂದ. ಭಾಳ ಮೆತ್ತಗ ಕೇಳಿದ. ಬೈದಿದ್ರ ನಾನೂ ಬೈತಿದ್ದೆ. ನಾ ಅಂಗನವಾಡಿ ಕಡೆ ನಡೆದೆ.

ಆವತ್ತು ಅಂಗನವಾಡಿಗೆ ಕೂಸುಗಳನ್ನ ಬಿಡಾಕ ಬಂದ ತಾಯಂದಿರು ಯಾರೂ ನನ್ನ ಮಾರಿ ನೋಡಲಿಲ್ಲ. ನಾಡಿದ್ದು ನಾವೆಲ್ಲ ಕೂಡಿ ತಹಸೀಲ್ದಾರ ಕಚೇರಿಗೆ ಹೋಗೋದಿತ್ತು, ಆ ಅಂಗಡಿ ಎತ್ತಿಸ್ರಿ ಅಂತ ಕೇಳಾಕ. ಸಂಘದ ಪಾರ್ವತಮ್ಮ ಬಂದು, ನೀವು ಮನಿಯೊಳಗ ಇರ್ರಿ, ನಾವು ಹೋಗಿ ಬರ್ತೀವಿ ಅಂದ್ಲು. ಹೂಂ ಅಂದೆ.

ನಿಮ್ಮ ಭಾವ ಯಾರ ಕಡೆಯಿಂದಲೋ ಒಂದು ಪೇಪರು ಇಸಕೊಂಡು ಬಂದು ನೋಡಿದ್ರು. ಅವರ ಕೊರಳಿಗೂ ನಾನು ಪಾಕೀಟಿನ ಸರ ಹಾಕಿದವಳು. ಗಂಡ ಅಂತ ಬಿಟ್ಟರ ಊರು ಕೇಳಂಗಿಲ್ಲ ಅಂತ ಅವರನ್ನೇ ಮೊದಲು ನಿಲ್ಲಿಸಿದ್ದೆ. ಅವತ್ತಿಂದ ಅವರು ಮುಟ್ಟಿಲ್ಲ. ಪೇಪರು ಮಡಚಿ ಅಂಗಿ ಬಕ್ಕಣದಾಗ ಇಟ್ಟುಕೊಂಡ್ರು. ಉಂಡು ಕೈ ತೊಳಕೋವಾಗ, ‘ರುಚಿ ಇತ್ತೇನು?’ ಅಂದ್ರು. ಚುಚ್ಚಿ ಕೇಳಲಿಲ್ಲ, ತಿಳಕೊಳ್ಳಾಕ ಕೇಳಿದಂಗ ಕೇಳಿದ್ರು. ಇತ್ತು ಅಂದೆ. ಅವರು ಹೊಲಕ್ಕ ಹೋದ್ರು.

ಆ ಫೋಟೋ ಪೇಪರಿಗೆ ಹ್ಯಾಂಗ ಹೋತು? ಇದೊಂದು ಹೇಳು.

ಶರಣಮ್ಮ

•

ಬಿಟಿಎಂ ಲೇಔಟ್
10 ಫೆಬ್ರವರಿ 2006

ಅಕ್ಕಾ,

ಫೋಟೋ ಕೊಟ್ಟಿದ್ದು ನಾನು.

ಅವತ್ತು ಫೋಟೋ ತೆಗೆದಿದ್ದು ನಮ್ಮ ಸೇಲ್ಸ್‌ನ ಮನು. ಜನವರಿಯಲ್ಲಿ ಪೇಪರಿನವರು ಬರೀತೀವಿ ಅಂತ ಬಂದಾಗ ತಿರುಮಲೇಶ್ ಸಾರ್ ನನ್ನನ್ನ ಕರೆದು ಕಂಪ್ಯೂಟರಲ್ಲಿ ತೋರಿಸಿದ್ರು. ‘ನಿಮ್ಮ ಅಕ್ಕಂದು ಸಖತ್ತಾಗಿ ಬಂದಿದೆ, ಇದನ್ನೇ ಕೊಡೋಣ್ವಾ, ನಿಮಗೇನೂ ಅಭ್ಯಂತರ ಇಲ್ವಲ್ಲ?’ ಅಂದ್ರು. ಬೇಡ ಸಾರ್ ಅನ್ನಬಹುದಿತ್ತು. ಬೇಡ ಅಂದ್ರೆ ಯಾಕೆ ಅಂತ ಕೇಳ್ತಾರೆ. ಯಾಕೆ ಅಂದ್ರೆ ನೀನು ಯಾರು ಅಂತ ಹೇಳಬೇಕು. ಅಷ್ಟು ಹೊತ್ತಿಗೆ ನೀನು ಅಲ್ಲಿ ಎಲ್ಲರ ಬಾಯಲ್ಲೂ ಟೀಚರಮ್ಮ ಆಗಿಬಿಟ್ಟಿದ್ದೆ. ‘ಕೊಡಿ ಸಾರ್’ ಅಂದೆ. ಬೆಂಗಳೂರು ಪೇಪರು ಬಸರಿಗುಡ್ಡಕ್ಕೆ ಎಲ್ಲಿ ಬರುತ್ತೆ ಅಂದುಕೊಂಡೆ.

ನಿನ್ನನ್ನ ಕೇಳಬೇಕು ಅಂತ ಒಂದು ಸಲಾನೂ ಹೊಳೀಲಿಲ್ಲ ಅಂದ್ರೆ ಅದೂ ಸುಳ್ಳು. ಹೊಳೀತು. ಕೇಳಿದ್ರೆ ಬೇಡ ಅಂತೀಯ ಅಂತ ಕೇಳಲಿಲ್ಲ.

ಆ ಪೇಪರನ್ನ ರಿಸೆಪ್ಷನ್ನಲ್ಲಿ ಗಾಜು ಹಾಕಿಸಿ ನೇತುಹಾಕಿದ್ದಾರೆ. ದಿನಾ ಅದರ ಮುಂದೆ ಹಾದು ಒಳಗೆ ಹೋಗ್ತೀನಿ, ಮುಖ ಎತ್ತಲ್ಲ. ಮುನಿಲಕ್ಷ್ಮಮ್ಮ ಆಂಟಿ ಪೇಪರು ನೋಡಿ, ‘ನಿಮ್ಮಕ್ಕ ಅಲ್ವೇನಮ್ಮ ಇವರು’ ಅಂತ ಮೆಟ್ಟಿಲು ಹತ್ತಿ ಬಂದು ಕೇಳಿದ್ರು. ಯಾರೋ ಅವರ ಥರ ಇರೋರು ಆಂಟಿ ಅಂದುಬಿಟ್ಟೆ. ನಿನ್ನ ಫೋಟೋನ ನಾನೇ ಕೊಟ್ಟು, ನಾನೇ ಅಲ್ಲ ಅಂದೆ.

ಕೆಲಸ ಬಿಡ್ತೀನಿ ಅಕ್ಕಾ. ನೀನು ಹೂಂ ಅಂದ್ರೆ ನಾಳೆನೇ ಬರೆದು ಕೊಡ್ತೀನಿ. ಊರಿಗೆ ಬಂದು ಚಾವಡೀಲಿ ನಿಂತು ಎಲ್ಲಾ ನಂದೇ ತಪ್ಪು ಅಂತೀನಿ. ಏನು ಮಾಡಲಿ ಹೇಳು.

ದಾನಿ

•

ಬಸರಿಗುಡ್ಡ
12 ಮಾರ್ಚ್ 2006

ದಾನಿ,

ಕೆಲಸ ಬಿಡಬ್ಯಾಡ. ನನ್ನ ಸಲುವಾಗಿ ಬಿಟ್ಟಿ ಅಂದ್ರ ನಾಳೆ ಮಂದಿಗೆ ಅದಕ್ಕೊಂದು ಬ್ಯಾರೆ ಕಾರಣ ಹೇಳ್ತಿ. ಸಾಕು.

ನಾನು ನಿನ್ನ ಮ್ಯಾಲ ಸಿಟ್ಟು ಮಾಡಿ ಕುಂತಿದ್ದೆ. ತಿಂಗಳ ಮ್ಯಾಲ ಆತು, ಸಿಟ್ಟು ಇಳೀತು. ಇಳಿದ ಮ್ಯಾಲ ನೋಡಿದ್ರ, ಕೆಳಗ ಉಳಿದದ್ದು ನನ್ನದೇ.

ಹೋದ ರವಿವಾರ ಸಂಘದ ಸಭೆ ಕರೆದೆ. ಅಧ್ಯಕ್ಷಗಿರಿ ಬಿಡ್ತೀನಿ ಅಂತ ಹೇಳಾಕ. ಎಲ್ಲಾರೂ ಬಂದ್ರು, ದೂರ ಕುಂತ್ರು. ನಾನು ಬಾಯಿ ತೆರಿಯೋಕಿಂತ ಮೊದಲ ಪಾರ್ವತಮ್ಮ ಎದ್ದು, ಶರಬತ್ತು ಅಂತ ಮೋಸ ಮಾಡಿ ಕುಡಿಸಿದ್ರು ಅಂತ ಹೇಳಿಬಿಡೂಣು, ಊರು ನಂಬತೈತಿ, ದುಂಡಪ್ಪನ ಬಾಯಿ ಮುಚ್ಚತೈತಿ ಅಂದ್ಲು. ಎಲ್ಲಾರೂ ಹೌದು ಹೌದು ಅಂದ್ರು. ಅವರು ನನ್ನ ಉಳಿಸಿಕೊಳ್ಳಾಕ ನೋಡಿದ್ರು. ನಾನು ಸುಮ್ಮನ ಕುಂತೆ. ಸುಮ್ಮನ ಕುಂತಿದ್ರ ಸಾಕಿತ್ತು, ಆಗಿಬಿಡತಿತ್ತು. ನಿನ್ನ ಎಸೆನ್ಸ್ ಕಂಪನಿ ಮಾತು ಹ್ಯಾಂಗ ಹುಟ್ಟಿತು ಅಂತ ಅವತ್ತು ನನಗ ತಿಳೀತು. ಅದೇನು ದೊಡ್ಡ ಕೆಲಸಲ್ಲ. ಬರೇ ಸುಮ್ಮನ ಇರೋದು.

ಆಮ್ಯಾಲ ಹೇಳಿದೆ. ‘ಯಾರೂ ಮೋಸ ಮಾಡಿಲ್ಲ. ಏನಂತ ತಿಳಿದೇ ಕುಡಿದೀನಿ. ಒಂದು ತಂಗಿ ಸಲುವಾಗಿ ಕುಡಿದೆ, ಎರಡನೇದು ನನಗ ಬೇಕಾಗಿ ಇಸಕೊಂಡು ಕುಡಿದೆ. ಚಲೋ ಅನ್ನಿಸ್ತು. ನಮ್ಮ ಕಟ್ಟಳಿ ಏನೈತೋ ಅದು ನನಗೂ ಆಗಲಿ. ಸರ ತರ್ರಿ.’

ಯಾರೂ ಏಳಲಿಲ್ಲ. ಹಿಂದಿನಿಂದ ಒಬ್ಬಾಕಿ ಕಿಸಕ್ಕಂತ ನಕ್ಕಳು. ಇನ್ನೊಬ್ಬಾಕಿ, ಅದು ನಮ್ಮ ಸರಾಯಿಯಂಥಾದ್ದಲ್ಲ ಬಿಡ್ರಿ, ಗಾಜಿನ ಗ್ಲಾಸಿನ್ಯಾಗ ದೊಡ್ಡಮಂದಿ ಕುಡಿಯೋದು, ಅದಕ್ಕೇನು ಸರ ಹಾಕೋದು ಅಂದ್ಲು. ಅದೂ ಖರೇ ಅನ್ನಂಗ ತಲಿ ಆಡಿಸಿದ್ರು. ಅವರು ನನ್ನನ್ನ ಹಂಗೇ ಬಿಟ್ಟುಬಿಟ್ರು ದಾನಿ. ಅಷ್ಟು ಸಲೀಸಾಗಿ ನಾವು ಯಾರನ್ನೂ ಬಿಟ್ಟಿದ್ದಿಲ್ಲ.

ಆವಾಗ ಗ್ವಾಡಿಗೆ ಆತು ಕುಂತಿದ್ದ ಯಲ್ಲವ್ವ ಎದ್ದು ನಿಂತಳು. ಸಂಘದೊಳಗ ಆಕಿ ಎಂದೂ ಬಾಯಿ ಬಿಟ್ಟಾಕಿ ಅಲ್ಲ. ‘ನನ್ನ ಮಗನ ಕೊರಳಿಗೆ ಹಾಕುವಾಗ ಯಾರೂ ನಗಲಿಲ್ಲ’ ಅಂದ್ಲು. ಅಷ್ಟೇ ಅಂದು ಸೆರಗು ಹೊದ್ದುಕೊಂಡು ಹೊರಗ ಹೋದ್ಲು.

ಆಕಿ ಮಗ ಮೌನೇಶ. ಟೇಲರ್ ಕೆಲಸ ಮಾಡತಿದ್ದ, ನಿನಗ ನೆನಪಿರಬೇಕು, ನಿನ್ನ ಕಾಲೇಜಿನ ಚೂಡಿದಾರ ಹೊಲಿದುಕೊಟ್ಟಿದ್ದ. ಎರಡು ವರ್ಷದ ಹಿಂದ ಒಂದು ಸಂಜಿ ದುಂಡಪ್ಪನ ಅಂಗಡಿ ಕಡೆಯಿಂದ ಹಾಡಿಕೋತ ಬರಾಕತ್ತಿದ್ದ. ಯಾರಿಗೂ ಏನೂ ಅಂದಿದ್ದಿಲ್ಲ, ಬರೇ ಹಾಡತಿದ್ದ. ನಾವು ಹಿಡಿದು ರಾತ್ರಿಯೆಲ್ಲ ಚಾವಡಿಯೊಳಗ ಇಟ್ಟುಕೊಂಡ್ವಿ. ಮರುದಿನ ಮುಂಜಾನೆ ಚಾವಡಿ ಕಟ್ಟಿ ಮ್ಯಾಲ ಸರ ಹಾಕಿದಾಕಿ ನಾನು. ಗಂಟು ಬಿಗಿ ಆಗಲಿ ಅಂತ ಎರಡು ಸಲ ಜಗ್ಗಿದ್ದು ನೆನಪೈತಿ. ಆ ಸುದ್ದಿ ಅವನ ಹೆಣ್ಣಿನ ಮನಿ ಮುಟ್ಟಿ ನಿಶ್ಚಯ ಮುರೀತು. ಅವನು ಮಷೀನು ಮಾರಿ ಬೆಂಗಳೂರಿಗೆ ಹೋದ. ತಿರುಗಿ ಬಂದಿಲ್ಲ. ನಾನು ಇದನ್ನ ಇಷ್ಟು ದಿವಸ ನಮ್ಮ ಗೆಲುವು ಅಂತ ಹೇಳಿಕೋತಿದ್ದೆ. ಮೌನೇಶನೂ ಕುಡಿಯೋದು ಬಿಟ್ಟ ಅಂತ.

ಯಲ್ಲವ್ವನ ಮನಿಗೆ ಹೋಗಿದ್ದೆ. ಆಕಿ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. ಸಿದ್ದಾಪುರ ಅನ್ನೋ ಜಾಗದಾಗ ಅದಾನ, ಬ್ಲೌಸು ಹೊಲಿತಾನ ಅಂತಷ್ಟೇ ಹೇಳಿದ್ಲು. ಅದು ನಿಮ್ಮ ಜಯನಗರದ ಹತ್ತಿರ ಅಲ್ಲೇನು? ಹುಡುಕು. ನಾನು ಬಂದು ಭೆಟ್ಟಿ ಆಗಬೇಕಂತೀನಿ, ಆಗತಾನೇನು ಕೇಳು. ಇದನ್ನ ನಿನಗ ಶಿಕ್ಷಾ ಅಂತ ಹೇಳಾಕತ್ತಿಲ್ಲ. ಬ್ಯಾರೆ ಯಾರಿಗೆ ಹೇಳಲಿ?

ಅಕ್ಕ

•

ಬಿಟಿಎಂ ಲೇಔಟ್
3 ಏಪ್ರಿಲ್ 2006

ಅಕ್ಕಾ,

ಮೌನೇಶ ಸಿಕ್ಕಿದ.

ಜಯನಗರ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಲ್ಲಿ ಬ್ಲೌಸ್ ಪೀಸ್ ಅಂಗಡಿಯವರನ್ನೆಲ್ಲ ಕೇಳ್ತಾ ಹೋದೆ. ನಮ್ಮ ಕಡೆ ಭಾಷೆ ಮಾತಾಡೋ ಟೇಲರ್ ಒಬ್ಬ ಇದ್ದಾನೆ, ಸಿದ್ದಾಪುರದಲ್ಲಿ ರೂಮಲ್ಲೇ ಹೊಲಿದು ತಂದುಕೊಡ್ತಾನೆ ಅಂತ ಒಬ್ಬರು ಅಡ್ರೆಸ್ ಕೊಟ್ಟರು. ನಿನ್ನೆ ಭಾನುವಾರ ಹೋದೆ. ಇಬ್ಬರು ಎದುರುಬದರು ಬಂದ್ರೆ ಒಬ್ಬರು ಗೋಡೆಗೆ ಒತ್ತಿಕೋಬೇಕು, ಅಷ್ಟು ಸಣ್ಣ ಓಣಿ. ಬಾಗಿಲಲ್ಲೇ ಮಷೀನು ಹಾಕಿಕೊಂಡು ಕೂತಿದ್ದ. ನನ್ನ ಗುರುತು ಹಿಡಿದ. ‘ಬರ್ರಿ ಮೇಡಂ’ ಅಂದ. ದಾನಕ್ಕ ಅನ್ನಲಿಲ್ಲ.

ನೀನು ಭೇಟಿ ಆಗಬೇಕು ಅಂದಿದ್ದೀಯ ಅಂದೆ. ಮಷೀನು ತುಳಿಯೋದು ನಿಲ್ಲಿಸಿದ. ಫೋಟೋ ಸುದ್ದಿ ಊರಿಂದ ಬಂದೋರು ಹೇಳಿದ್ರಂತೆ, ಆದ್ರೆ ನೋಡಿರಲಿಲ್ಲ. ಬ್ಯಾಗಲ್ಲಿತ್ತು, ಕೊಟ್ಟೆ. ಬಹಳ ಹೊತ್ತು ನೋಡಿದ. ನಗ್ತಾನೆ ಅಂದುಕೊಂಡೆ, ಇಲ್ಲ ಬೈತಾನೆ ಅಂದುಕೊಂಡೆ.

‘ಚಲೋ ನಕ್ಕಾರ,’ ಅಂದ. ‘ಅಕ್ಕಾರು ನಕ್ಕಿದ್ದು ನಾ ಒಮ್ಮೆನೂ ನೋಡಿದ್ದಿಲ್ಲ.’

ಆಮೇಲೆ ಅವನೇ ಹೇಳಿದ. ಅವತ್ತು ಹೆಣ್ಣಿನ ಮನೆಯವರು ಒಪ್ಪಿದ ಸುದ್ದಿ ಬಂದಿತ್ತಂತೆ. ಗೆಳೆಯರು ಒಂದು ಪಾಕೀಟು ಕುಡಿಸಿದ್ರಂತೆ. ಅದಕ್ಕೆ ಮುಂಚೆ ಯಾವತ್ತೂ ಕುಡಿದಿರಲಿಲ್ಲವಂತೆ. ‘ಸಂತೋಷಕ್ಕ ಕುಡಿದಿದ್ದೆ ರೀ. ಯಾಕ ಕುಡಿದಿ ಅಂತ ಯಾರಾದ್ರೂ ಕೇಳ್ತಾರಂತ ಮುಂಜಾನಿತನಕ ಕಾದೆ’ ಅಂದ.

ನಾನು ಎಲ್ಲಿ ಕೆಲಸ ಮಾಡ್ತೀನಿ ಅಂತ ಕೇಳಿದ. ಇದ್ದಿದ್ದು ಇದ್ದ ಹಾಗೆ ಹೇಳಿದೆ. ತಲೆ ಆಡಿಸಿದ, ಅಷ್ಟೇ.

ನೀನು ಬರೋ ವಿಷಯಕ್ಕೆ, ‘ಬ್ಯಾಡ ಅನ್ರಿ. ಅವರು ಬಂದು ಏನು ಮಾಡ್ತಾರ? ನಂದು ಹೋದದ್ದು ತಿರುಗಿ ಬರ್ತೈತೇನು’ ಅಂದ. ನಾನು ಹೊರಡೋಕೆ ಎದ್ದೆ. ಓಣಿ ತಿರುವಿನವರೆಗೂ ಹಿಂದೆ ಬಂದ. ಅವ್ವ ಹ್ಯಾಂಗದಾಳ, ಮಣಕಾಲು ನೋವು ಕಡಿಮೆ ಆಗೈತೇನು ಅಂತ ಕೇಳಿದ. ಅವಳಿಗೆ ಒಬ್ಬಳೇ ಬಸ್ಸು ಹತ್ತೋದು ಗೊತ್ತಿಲ್ಲ, ತಾನು ಊರಿಗೆ ಕಾಲಿಡಲ್ಲ, ಅವಳನ್ನ ನೋಡಿ ಎರಡು ವರ್ಷ ಆಯ್ತು ಅಂದ. ಅದನ್ನ ಹೇಳೋವಾಗ ನನ್ನ ಕಡೆ ನೋಡಲಿಲ್ಲ.

ಇವತ್ತು ಬೆಳಗ್ಗೆ ತಿರುಮಲೇಶ್ ಸಾರ್ ರೂಮಿಗೆ ಹೋಗಿ ನೀನು ಯಾರು, ಊರಲ್ಲಿ ಏನಾಯ್ತು ಅಂತ ಹೇಳಿದೆ. ಅವರು ಬೆಪ್ಪಾಗಿ ಕೂತರು. ‘ಅವತ್ತೇ ಹೇಳಬಾರದಿತ್ತೇನಮ್ಮಾ, ನಾವು ಅಷ್ಟು ಕೆಟ್ಟವರಾ’ ಅಂದ್ರು. ಆಮೇಲೆ ತಾವೇ ಹೋಗಿ ಆ ಗಾಜಿನ ಫ್ರೇಮು ಇಳಿಸಿದ್ರು. ಮೊಳೆ ಇನ್ನೂ ಗೋಡೇಲಿದೆ.

ಇಷ್ಟು ಆಯ್ತು. ಮುಂದೇನು ಅಂತ ನನಗೆ ಗೊತ್ತಾಗ್ತಿಲ್ಲ.

ನಿನ್ನವಳೇ,
ದಾನಿ

•

ಬಿಟಿಎಂ, ನಿನ್ನ ಬಾಗಲ ಮುಂದ
9 ಮೇ 2006, ಮಂಗಳವಾರ

ದಾನಿ,

ಗಾಬರಿ ಆಗಬ್ಯಾಡ. ಮುನಿಲಕ್ಷ್ಮಮ್ಮನವರ ಕಡೆ ಹಾಳಿ, ಪೆನ್ನು ಇಸಕೊಂಡು ನಿನ್ನ ಮೆಟ್ಟಲ ಮ್ಯಾಲ ಕುಂತು ಬರಿಯಾಕತ್ತೀನಿ. ಬರ್ತೀನಿ ಅಂತ ಮೊದಲ ಹೇಳಿದ್ರ ನೀ ರಜಾ ಹಾಕಿ ನನ್ನ ಜೋಡಿ ಬರ್ತಿದ್ದಿ. ನೀ ಜೋಡಿ ಇದ್ರ ನಾ ನಿನ್ನ ಹಿಂದ ನಿಂದರತಿದ್ದೆ. ಅದಕ್ಕ ಹೇಳಲಿಲ್ಲ. ಇವತ್ತೇ ತಿರುಗಿ ಬಸ್ಸು ಹತ್ತಬೇಕು, ನಾಳೆ ಅಂಗನವಾಡಿ ತೆಗೀಬೇಕು.

ನಿನ್ನ ಮಾಲಕರು ಬಾಗಲಾ ತೆಗೆದವರೇ, ‘ಪೇಪರಲ್ಲಿ ಬಂದಿದ್ದೋರು ನೀವೇ ಅಲ್ವಾ, ದಾನಮ್ಮ ಅಲ್ಲ ಅಂತಾಳಲ್ಲ’ ಅಂದ್ರು. ನಾನೇ ರೀ ಅಂದೆ. ತಲಿ ತಗ್ಗಿಸದ ಹೇಳಿದೆ ಅಂತ ಬರೀಬೇಕು ಅನ್ನಿಸ್ತೈತಿ. ತಗ್ಗಿಸಿದೆ. ಆದ್ರ ಹೇಳಿದೆ. ಅವರು ಮಜ್ಜಿಗಿ ಕೊಟ್ರು, ಹೆಚ್ಚು ಕೇಳಲಿಲ್ಲ.

ಯಲ್ಲವ್ವನ್ನ ಕರಕೊಂಡು ಬಂದೆ. ನಿನ್ನ ಕಾಗದ ಓದಿ ಹೇಳಿದ ದಿವಸ ಆಕಿ ಎದ್ದು ಒಳಗ ಹೋದ್ಲು. ನಾನು ಮತ್ತ ಮತ್ತ ಹೋದೆ. ಕಡೀಗೆ ಒಂದು ದಿವಸ ಗಂಟು ಕಟ್ಟಿಕೊಂಡು ಬಾಗಲದಾಗ ಕುಂತಿದ್ಲು. ಬಸ್ಸಿನ್ಯಾಗ ನನ್ನ ಬಾಜೂನೇ ಕುಂತ್ಲು, ಬೆಂಗಳೂರು ಮುಟ್ಟೂತನಕ ಕಿಟಕಿ ಕಡೆ ಮಾರಿ ಮಾಡಿದ್ಲು.

ಸಿದ್ದಾಪುರದಾಗ ನೀ ಬರೆದ ಓಣಿ ಕೇಳಿಕೋತ ಹೋದ್ವಿ. ಮೌನೇಶ ಮಷೀನಿನ ಮುಂದ ಇದ್ದ. ಅವ್ವನ್ನ ನೋಡಿ ಎದ್ದು ನಿಂತ. ತಾಯಿ ಮಗ ಒಳಗ ಹೋದ್ರು, ನಾನು ಹೊರಗ ನಿಂತೆ. ಒಳಗಿಂದ ಯಲ್ಲವ್ವ ಅಳೋದು ಕೇಳಿಸ್ತು. ಹೋಗಿಬಿಡೂಣು ಅನ್ನಿಸ್ತು. ತಾಯಿನ್ನ ಮುಟ್ಟಿಸಿದೆ, ಇಷ್ಟೇ ಪುಣ್ಯ ಸಾಕು ಅಂತ ಎರಡು ಹೆಜ್ಜಿ ಇಟ್ಟೂ ಇದ್ದೆ. ಅವನು ಹೊರಗ ಬಂದು ಒಂದು ಸ್ಟೂಲು ಓಣಿಯೊಳಗ ಇಟ್ಟ. ‘ಕುಂಡರ್ರಿ’ ಅಂದ. ಒಳಗ ಬರ್ರಿ ಅನ್ನಲಿಲ್ಲ. ಕುಂತೆ. ಹೋಗೋ ಬರೋ ಮಂದಿ ನನ್ನ ಮಣಕಾಲಿಗೆ ತಾಗಿಸಿಕೋತ, ಯಾರಿದು ಅಂತ ನೋಡಿಕೋತ ಹಾದು ಹೋದ್ರು. ಚಾವಡಿ ಕಟ್ಟಿ ಮ್ಯಾಲ ನಿಂತವರಿಗೆ ಹ್ಯಾಂಗ ಅನ್ನಿಸಿರಬೇಕು ಅಂತ ಇಷ್ಟು ವರ್ಷದಾಗ ನಾ ವಿಚಾರ ಮಾಡಿದ್ದಿಲ್ಲ. ಇದು ಅದರ ಹತ್ತಿರಕ್ಕೂ ಬರಂಗಿಲ್ಲ. ನನ್ನ ಹೆಸರು ಅಲ್ಲಿ ಯಾರಿಗೂ ಗೊತ್ತಿದ್ದಿಲ್ಲ.

ಅವನು ಚಹಾ ತಂದ. ಕಪ್ಪು ಹಿಡಕೊಂಡೇ ಹೇಳಿದೆ. ಬಸ್ಸಿನ್ಯಾಗ ಭಾಳ ಮಾತು ಜೋಡಿಸಿಕೊಂಡಿದ್ದೆ, ಬಂದದ್ದು ಒಂದೇ.

‘ಮೌನೇಶ, ನಾ ನಿನಗ ಮಾಡಿದ್ದು ತಪ್ಪು.’

‘ಹೌದ್ರಿ’ ಅಂದ.

ಬಿಡ್ರಿ ಅಕ್ಕಾರ, ಆದದ್ದು ಆತು ಅಂತಾನ ಅಂತ ನಾ ಕಾದೆ. ನಮ್ಮ ಕಡೆ ಯಾರಾದ್ರೂ ಹಂಗ ಅಂತಾರ. ಹೊಡಿಯಾಕ ಮೈಮ್ಯಾಲ ಬಂದವರಿಗೂ ಅಂತಾರ. ಅವನು ಅನ್ನಲಿಲ್ಲ. ಹೌದ್ರಿ ಅಂದು ಅಲ್ಲೇ ಚೌಕಟ್ಟಿಗೆ ಆತು ನಿಂತ, ನಾನು ಚಹಾ ಮುಗಿಸೂತನಕ. ಅವನ ಮಾರಿ ನೋಡಬೇಕಾತು. ನೋಡಿದೆ. ಗಡ್ಡ ಬಂದೈತಿ, ಸೊರಗ್ಯಾನ. ಕೊರಳಾಗ ಅಳತಿ ಟೇಪು ಇತ್ತು.

ಕಪ್ಪು ಇಸಕೊಂಡು, ಅವ್ವ ನಾಕು ದಿವಸ ಇರ್ತಾಳ, ತಿರುಗಿ ನಾನು ಕುಷ್ಟಗಿತನಕ ಬಿಟ್ಟು ಬರ್ತೀನಿ ಅಂದ. ಊರಿಗೆ ಅನ್ನಲಿಲ್ಲ, ಕುಷ್ಟಗಿ ಅಂದ. ಕುಷ್ಟಗಿಯಿಂದ ನಾ ಕರಕೊಂಡು ಹೋಗ್ತೀನಿ ಅಂದೆ. ಹೂಂ ಅಂದ.

ನಾನು ಏಳುವಾಗ ಸ್ಟೂಲು ಒಳಗ ಇಡಾಕ ಹೋದೆ. ಅವನು ಕೈ ಅಡ್ಡ ಹಿಡಿದು, ‘ಇರಲಿ, ನಾ ಇಡ್ತೀನಿ’ ಅಂತ ಇಸಕೊಂಡ. ಹೊಸ್ತಿಲು ದಾಟಲಿಲ್ಲ ನಾನು.

ಶರಣಮ್ಮ